ಅಪ್ಪನ ಬೆನ್ನ ಹಿಂದಿನ ಹಾರ್ನು

ನಾನು 'ಅವ್ವ' ಅನ್ನುವುದಕ್ಕಿಂತ ಮೊದಲು 'ಪೀಂ ಪೀಂ' ಅಂದೆ ಎಂದು ನಮ್ಮವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಹೆಮ್ಮೆ ಎಷ್ಟು, ದೂರು ಎಷ್ಟು ಎಂದು ಇವತ್ತಿಗೂ ನನಗೆ ಬಿಡಿಸಲಾಗಿಲ್ಲ. ಹೊಸಪೇಟೆಯಲ್ಲಿ ನಮ್ಮ ಮನೆ ಇರುವುದು ಲಾರಿ ಗ್ಯಾರೇಜುಗಳ ಸಾಲಿನ ಹಿಂದೆ. ಹಗಲೆಲ್ಲ ಒಂದಲ್ಲ ಒಂದು ಲಾರಿ ಹಿಂದಕ್ಕೆ ಬರುತ್ತಲೇ ಇರುತ್ತದೆ. ಬೇರೆ ಮಕ್ಕಳು ಕಾಗೆ, ಬೆಕ್ಕು, ಕುರಿಮರಿಯ ಕೂಗು ಕಲಿತರೆ ನಾನು ರಿವರ್ಸ್ ಹಾರ್ನ್ ಕಲಿತೆ.

ಆಮೇಲೆ ಯಾರನ್ನೂ ಬಿಡಲಿಲ್ಲ. ಅಪ್ಪನ ಕಂಪನಿ ಬಸ್ಸಿನ ಡ್ರೈವರಣ್ಣ ಗೇರು ಬದಲಿಸುವಾಗ ತಾನೇ ತಿಣುಕುವುದು, ಹಂಪಿಯ ಗೈಡು ಮೂರು ಭಾಷೆಯಲ್ಲಿ ಒಂದೇ ಸುಳ್ಳನ್ನು ಹೇಳುವುದು, ನಮ್ಮವ್ವ ಫೋನಿನಲ್ಲಿ 'ಹೂಂ... ಹೂಂ... ಅಯ್ಯ, ಬಿಡವ್ವ' ಅನ್ನುವುದು, ಎಲ್ಲವೂ ನನ್ನ ಬಾಯಲ್ಲಿದ್ದವು. ನನ್ನನ್ನೂ ಬಿಟ್ಟಿಲ್ಲ. ಸಂದರ್ಶನದಲ್ಲಿ ನಾನು ಗಂಟಲು ಒಣಗಿಸಿಕೊಂಡು 'ಆಕ್ಚುಲಿ ಸರ್' ಅನ್ನುವುದನ್ನು ನಾನೇ ಮಾಡಿ ತೋರಿಸಿದರೆ ಹಾಸ್ಟೆಲಿನ ಗೆಳೆಯರು ಹಾಸಿಗೆಯ ಮೇಲೆ ಹೊರಳಾಡಿ ನಗುತ್ತಿದ್ದರು.

ಆದರೂ ನನ್ನ ಹಳೆಯ ಐಟಂ ಆ ಹಾರ್ನೇ. ಅದಕ್ಕೆ ಪ್ರೇಕ್ಷಕ ಒಬ್ಬನೇ, ಅಪ್ಪ. ಸಂಡೂರಿನ ಗುಡ್ಡದ ಮೇಲಿನ ಒಂದು ಅದಿರಿನ ಗಣಿಯಲ್ಲಿ ಅಪ್ಪ ಸಿಗ್ನಲ್‌ಮ್ಯಾನ್. ಅದಿರಿನ ಮೇಲಿದ್ದ ಬೇಡವಾದ ಮಣ್ಣನ್ನು ಡಂಪರುಗಳು ತಂದು ಗುಡ್ಡದ ಅಂಚಿನಲ್ಲಿ ಸುರಿಯುತ್ತವೆ. ಆ ಜಾಗಕ್ಕೆ ಡಂಪು ಅನ್ನುತ್ತಾರೆ. ಡಂಪರಿನ ಡ್ರೈವರಿಗೆ ಹಿಂದೆ ಏನಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಅಂಚಿನ ಹತ್ತಿರ ನಿಂತು ಹಸಿರು ಬಾವುಟ ಬೀಸಿ 'ಬಾ, ಬಾ' ಅನ್ನುವುದು, ಕೆಂಪು ಎತ್ತಿ 'ಸಾಕು' ಅನ್ನುವುದು ಅಪ್ಪನ ಕೆಲಸ. ತಡವಾಗಿ ಎತ್ತಿದರೆ ಡಂಪರು ಕೆಳಗೆ. ತಪ್ಪು ಜಾಗದಲ್ಲಿ ನಿಂತರೆ ಅಪ್ಪ ಡಂಪರಿನ ಕೆಳಗೆ.

ಅಪ್ಪ ಶಿಫ್ಟು ಮುಗಿಸಿ ಬಂದು, ಕೈಕಾಲಿನ ಕೆಂಪು ಮಣ್ಣು ತೊಳೆದು, ಚಹಾದ ಲೋಟ ಹಿಡಿದು ಕೂತಾಗ ನಾನು ಸದ್ದಿಲ್ಲದೆ ಬೆನ್ನ ಹಿಂದೆ ಹೋಗಿ 'ಪೀಂ ಪೀಂ ಪೀಂ' ಅನ್ನುತ್ತಿದ್ದೆ. ಅಪ್ಪ ಕೂತಲ್ಲಿಂದಲೇ ಪಕ್ಕಕ್ಕೆ ಹಾರುತ್ತಿದ್ದ. ಚಹಾ ಲುಂಗಿಯ ಮೇಲೆ. 'ಏ ಭಾಡ್ಯಾ! ನಿಂದ್ರಲೇ ಅಲ್ಲೇ!' ಎಂದು ಟವೆಲ್ಲು ಬೀಸಿಕೊಂಡು ಗ್ಯಾರೇಜಿನವರೆಗೂ ಅಟ್ಟಿಸಿಕೊಂಡು ಬರುತ್ತಿದ್ದ.

ಗಣಿ ಎಂಜಿನಿಯರಿಂಗನ್ನೇ ಯಾಕೆ ತಗೊಂಡೆ ಎಂದು ಕೇಳಿದವರಿಗೆ ದೇಶ, ಖನಿಜ, ಭವಿಷ್ಯ ಎಂದೆಲ್ಲ ಒಂದು ಭಾಷಣ ಇಟ್ಟುಕೊಂಡಿದ್ದೇನೆ. ನಿಜ ಏನೆಂದರೆ, ಅಪ್ಪ ದಿನಾ ಹತ್ತಿ ಹೋಗುವ ಗುಡ್ಡವನ್ನು ನಾನು ಜೀಪಿನಲ್ಲಿ ಹತ್ತಬೇಕು ಅನ್ನುವುದಷ್ಟೇ ನನ್ನ ಆಸೆ. ಎಂಟೆಕ್‌ಗೆ ಬಂದಾಗ ಗಣಿಯ ಗೋಡೆಗಳು ಯಾವಾಗ ಜಾರುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಷಯ ಆರಿಸಿಕೊಂಡೆ. ಏಸಿ ರೂಮು, ಪರದೆ ತುಂಬ ಬಣ್ಣಬಣ್ಣದ ಗುಡ್ಡ. ಸುರಕ್ಷತೆಯ ಸಂಶೋಧನೆ ಅಂದರೆ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಬೋರ್ಡು ಬರೆಸುವವರ ಕೆಲಸ ಎಂದುಕೊಂಡಿದ್ದೆ. ನನ್ನ ಸಂಶೋಧನೆಯ ಗೈಡ್ ಸರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, 'ಸೇಫ್ಟಿ ಈಸ್ ಆಲ್ಸೋ ಸೈನ್ಸ್, ಮೈ ಡಿಯರ್' ಅನ್ನುವುದನ್ನು ನಾನು ಕ್ಯಾಂಟೀನಿನಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಮ್ಮೆ ಸರ್ ಹಿಂದೆಯೇ ನಿಂತು ಪೂರ್ತಿ ಕೇಳಿ, 'ಕನ್ನಡಕ ಇನ್ನೂ ಸ್ವಲ್ಪ ಕೆಳಗೆ ಬರಬೇಕು' ಎಂದು ತಿದ್ದಿ ಹೋದರು.

ಇಂಥ ದಿನಗಳಲ್ಲೇ, ನಾನು ರಜೆಗೆ ಮನೆಗೆ ಬಂದಿದ್ದಾಗ, ಕಂಪ್ಲಿಯಲ್ಲಿ ಅತ್ತೆಯ ಮೊಮ್ಮಗಳ ತೊಟ್ಟಿಲು ಕಾರ್ಯ ಬಂತು.

ಅತ್ತೆಯ ಮನೆಯ ಮುಂದಿನ ಓಣಿಯಲ್ಲಿ ಶಾಮಿಯಾನ ಹಾಕಿಸಿದ್ದರು. ಪಕ್ಕದಲ್ಲೇ ಭತ್ತದ ಗೋದಾಮು. ಊಟಕ್ಕೆ ಉದ್ದದ ಮೇಜುಗಳು, ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅಪ್ಪ ರಸ್ತೆಯ ಕಡೆಗೆ ಬೆನ್ನು ಮಾಡಿ ಕೂತಿದ್ದ, ಎದುರಿನ ಸಾಲಿನಲ್ಲಿ ನಾನು. ಊಟಕ್ಕೆ ಮುಂಚೆ ಮಾವ ಕೇಳಿದರೆಂದು ನನ್ನ ಐಟಂಗಳೆಲ್ಲ ಆಗಿದ್ದವು, ಹಾರ್ನೂ ಸೇರಿ. ಆ ಹಾರ್ನಿಗೆ ಇಬ್ಬರು ಮುದುಕಿಯರು ಎದ್ದು ಓಡಲು ಹೋಗಿ, ನಕ್ಕು, ನನ್ನ ವಂಶವನ್ನೆಲ್ಲ ಬೈದು ಕೂತಿದ್ದರು.

ಹೋಳಿಗೆ ಬಡಿಸಿದ ಮೇಲೆ ಮತ್ತೆ 'ಪೀಂ ಪೀಂ ಪೀಂ' ಕೇಳಿಸಿತು.

ಒಬ್ಬರೂ ಏಳಲಿಲ್ಲ. ಸಾಲಿಗೆ ಸಾಲೇ ನನ್ನ ಕಡೆ ತಿರುಗಿ ನಕ್ಕಿತು. ಅತ್ತೆ ಸೌಟು ತೋರಿಸಿ, 'ಸಾಕ್ ಮಾಡಲೇ, ಉಣ್ಣಾಕ ಬಿಡು ಮಂದಿನ್ನ' ಅಂದಳು. ಮಾವ, 'ಈಗ ಮೊದ್ಲಿಂದಕ್ಕಿಂತ ಮಸ್ತ್ ಬಂತು ನೋಡು' ಅಂದರು. ನನ್ನ ಬಾಯಲ್ಲಿ ಅರ್ಧ ಹೋಳಿಗೆ ಇತ್ತು. ತುಪ್ಪ ಗಲ್ಲದವರೆಗೆ ಇಳಿದಿತ್ತು. ಬಾಯಿ ತುಂಬಿದವನು ಹಾರ್ನು ಹೊಡೆಯುವುದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಅಪ್ಪನ ತಲೆಯ ಹಿಂದೆ, ಶಾಮಿಯಾನದ ಪರದೆ ಒಳಗೆ ಉಬ್ಬುತ್ತಿತ್ತು. ಭತ್ತದ ಲಾರಿ ಗೋದಾಮಿನ ಕಡೆಗೆ ಹಿಂದಕ್ಕೆ ಬರುತ್ತಿತ್ತು.

ಕೂಗಿದೆ. ಹೋಳಿಗೆಯೇ ಹೊರಗೆ ಬಂತು, ಮಾತು ಬರಲಿಲ್ಲ. ಜನ ಇನ್ನೂ ಜೋರಾಗಿ ನಕ್ಕರು. ಮೇಜಿನ ಮೇಲಿನ ಎಲೆ ತುಳಿದುಕೊಂಡೇ ಹಾರಿ ಅಪ್ಪನ ಕೈ ಹಿಡಿದು ಎಳೆದೆ. ಅಷ್ಟರಲ್ಲಿ ಕ್ಲೀನರ್ ಲಾರಿಯ ಬಾಡಿಗೆ ದಬದಬ ಬಡಿದ. ಲಾರಿ ನಿಂತಿತು. ಶಾಮಿಯಾನದ ಒಂದು ಕಂಬ ವಾಲಿ, ಅಪ್ಪ ಕೂತಿದ್ದ ಕುರ್ಚಿ ಕಾಲು ಮುರಿದುಕೊಂಡು ಮಲಗಿತ್ತು.

ಆಮೇಲೆ ಬೈಗುಳ ಪೂರ್ತಿ ನನ್ನ ಪಾಲಿಗೆ. ಲಾರಿಯವನಿಗೆ ಒಂದೂ ಇಲ್ಲ. 'ನಿಂದೇ ದನಿ ಅನ್ಕಂಡ್ವಿ ನೋಡು, ಹಾಳಾದವ್ನೇ!' ಅಪ್ಪನೂ ನಕ್ಕು, ಲುಂಗಿ ಝಾಡಿಸುತ್ತ, 'ನಾನೂ ಇವ್ನೇ ಅನ್ಕಂಡೆ' ಅಂದ.

ವಾಪಸು ಬರುವ ಬಸ್ಸಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ಹಾರ್ನು ನಂದು ಎಂದುಕೊಂಡವರೆಲ್ಲ ನನ್ನ ಕಡೆ ನೋಡಿದ್ದರು. ಅಪ್ಪ ನೋಡಿರಲಿಲ್ಲ. ಬಗ್ಗಿ ಹೋಳಿಗೆಗೆ ಹಾಲು ಕಲಸುತ್ತಿದ್ದ.

ಮರುದಿನ ಸಂಜೆ ಅಪ್ಪ ಚಹಾ ಹಿಡಿದು ಕೂತಾಗ ಹಿಂದೆ ಹೋದೆ. ಎಷ್ಟೋ ತಿಂಗಳಾಗಿತ್ತು ಹಾಗೆ ಮಾಡಿ. 'ಪೀಂ ಪೀಂ.' ಅಪ್ಪ ಚಹಾ ಕುಡಿದ. ಇನ್ನೂ ಹತ್ತಿರ ಹೋಗಿ ಜೋರಾಗಿ ಮಾಡಿದೆ. ಲೋಟ ಅಲುಗಲಿಲ್ಲ. ಅಡಿಗೆಮನೆಯಿಂದ ಅವ್ವ, 'ಅವ್ರು ಈಗ ನಿನ್ನ ಆಟಕ್ಕ ಬೆಲಿ ಕೊಡಂಗಿಲ್ಲ ಬಿಡಪ್ಪ' ಅಂದಳು. ಅಪ್ಪ ಅವಳ ದನಿಗೆ ತಿರುಗಿದ. 'ಏನಂತಿ?' ಅಂದ. ನಾನು ಬೆನ್ನ ಹಿಂದೆ ನಿಂತಿದ್ದು ಕಂಡು ಬೆಚ್ಚಿದ.

ಅವ್ವನ ಮಾತು ಕೇಳುತ್ತದೆ, ಡಂಪರಿನ ಎಂಜಿನ್ನು ಕೇಳುತ್ತದೆ, ಎದುರು ನಿಂತವರ ಮಾತು ಪೂರ್ತಿ ತಿಳಿಯುತ್ತದೆ. ಆ ಸಣ್ಣ ಚೂಪು ದನಿ ಮಾತ್ರ ಇಲ್ಲ. ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರ ಕಿವಿಯಿಂದ ಮೊದಲು ಜಾರುವುದು ಚೂಪು ದನಿಗಳೇ ಎಂದು ಕ್ಲಾಸಿನಲ್ಲಿ ಕೇಳಿದ್ದೆ. ಪರೀಕ್ಷೆಗೆ ಬರುತ್ತದೆ ಎಂದು ಅಂಡರ್‌ಲೈನೂ ಮಾಡಿದ್ದೆ.

ನಮ್ಮ ಮನೆಯಲ್ಲಿ ಅಪ್ಪನ ಕಿವಿಯನ್ನು ಸರಿಯಾಗಿ ಪರೀಕ್ಷಿಸುವ ಹಾಗಿರಲಿಲ್ಲ, ಗ್ಯಾರೇಜುಗಳ ಗದ್ದಲ. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಒಂದು ನಿಜವಾದ ರಿವರ್ಸ್ ಹಾರ್ನ್ ತಂದೆ, ಗ್ಯಾರೇಜಿನಿಂದ ಹಳೆಯ ಬೈಕಿನ ಬ್ಯಾಟರಿ ಕೇಳಿ ತಂದೆ. ಭಾನುವಾರ ಬೆಳಿಗ್ಗೆ, 'ಅಪ್ಪ, ಹಂಪಿಗೆ ಹೋಗಿ ಬರೋಣ ನಡಿ' ಅಂದೆ. 'ಯಾಕ, ನೀ ಯಾವಾಗಿಂದ ಟೂರಿಸ್ಟ್ ಆದಿ?' ಅಂದ. ಆದರೂ ಬಂದ.

ಮಂದಿ ಓಡಾಡುವ ಕಡೆ ಬಿಟ್ಟು, ಬಂಡೆಗಳ ನಡುವೆ ಒಂದು ಪಾಳು ಮಂಟಪದಲ್ಲಿ ಅಪ್ಪನನ್ನು ಕೂರಿಸಿದೆ. 'ಓದಿಗೆ ಬೇಕು. ಆ ಕಡೆ ಬಂಡೆ ನೋಡ್ಕೋಂತ ಕುಂದ್ರು. ಹಾರ್ನ್ ಕೇಳಿದ್ರ ಕೈ ಎತ್ತು' ಅಂದೆ. ಅಪ್ಪ ಒಂದು ಸಲ ಬ್ಯಾಟರಿ ನೋಡಿದ, ಒಂದು ಸಲ ನನ್ನ ಮುಖ ನೋಡಿದ. ತಿರುಗಿ ಕೂತ.

ವೈರು ಮುಟ್ಟಿಸಿದೆ. ಕಂಬದ ಮೇಲಿನ ಕೋತಿ ಮರಿಯನ್ನು ಅಪ್ಪಿಕೊಂಡು ಜಿಗಿಯಿತು. ಆಚೆ ದಾರಿಯಲ್ಲಿ ಹೋಗುತ್ತಿದ್ದ ವಿದೇಶಿ ದಂಪತಿ ತಟ್ಟನೆ ನಿಂತು ಲಾರಿ ಎಲ್ಲಿ ಎಂದು ಹುಡುಕಿದರು. ಅವರ ಗೈಡು ನನ್ನನ್ನು ನೋಡಿ, 'ಏನ್ ತಮ್ಮಾ, ತಲಿ ಐತೋ ಇಲ್ಲೋ?' ಎಂದು ಕನ್ನಡದಲ್ಲಿ ಬೈದು, ಅವರಿಗೆ ಇಂಗ್ಲಿಷಿನಲ್ಲಿ ಏನೋ ಒಳ್ಳೆಯದನ್ನೇ ಹೇಳಿದ. ಅಪ್ಪ ಬಂಡೆ ನೋಡುತ್ತ ಕೂತಿದ್ದ. ಕೈ ತೊಡೆಯ ಮೇಲಿತ್ತು. ಇನ್ನೂ ಹತ್ತಿರ ಹೋದೆ. ಮತ್ತೆ ಮುಟ್ಟಿಸಿದೆ. ಅಪ್ಪನ ಶರಟಿನ ಬೆನ್ನು ಕಾಣುತ್ತಿತ್ತು, ಉಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು, ಅಷ್ಟೇ. ವೈರನ್ನು ಮತ್ತೆ ಮತ್ತೆ ಮುಟ್ಟಿಸಿದೆ, ಹಾರ್ನು ಬಿಕ್ಕಿತು.

ಸ್ವಲ್ಪ ಹೊತ್ತಿಗೆ ಅಪ್ಪನೇ, 'ಹೊಡ್ದ್ಯೇನೋ?' ಅಂದ.

ನಾನು ಎದುರಿಗೆ ಬಂದು ಕೂತೆ. ಅಪ್ಪನಿಗೆ ಮುಖ ಓದಲು ಬರುತ್ತದೆ.

'ಕಂಪನಿ ಡಾಕ್ಟ್ರು ಕಿವಿ ನೋಡ್ತಾರಲ್ಲ, ಅಲ್ಲಿ ಹೆಂಗ ಪಾಸಾಗ್ತಿ?' ಎಂದು ಆಮೇಲೆ ಕೇಳಿದೆ.

ಅಪ್ಪ ನಕ್ಕ. 'ಗಾಜಿನ ಆಕಡೆ ಕುಂದ್ರತಾನ ಹುಡುಗ. ಸೌಂಡ್ ಬಿಡೂ ಬಟನ್ ಒತ್ತೂವಾಗ ತಲಿ ಹಿಂಗ ಮುಂದ ಹಾಕ್ತಾನ. ಅವ ತಲಿ ಹಾಕಿದ್ರ ನಾ ಬೆರಳು ಎತ್ತತೀನಿ.' ಆ ಹುಡುಗ ತಲೆ ಹಾಕುವುದನ್ನು ಮಾಡಿಯೂ ತೋರಿಸಿದ. ಚೆನ್ನಾಗಿಯೇ ಮಾಡಿದ. ನನ್ನ ಕಲೆ ಎಲ್ಲಿಂದ ಬಂತು ಎಂದು ಅವತ್ತು ಗೊತ್ತಾಯಿತು. ನಗು ಮಾತ್ರ ಬರಲಿಲ್ಲ.

'ಮತ್ತ ಡಂಪಿನ ಮ್ಯಾಲೆ?'

'ನೆಲ ನಡುಗ್ತೈತಿ, ಕಾಲಿಗೆ ಗೊತ್ತಾಗ್ತೈತಿ. ಧೂಳು ಬರ್ತೈತಿ. ನನ್ಗ ಹಾರ್ನ್ ಯಾಕ ಬೇಕು?'

'ಎರಡ್ ಡಂಪರ್ ಒಮ್ಮಿಗೇ ಬಂದ್ರ? ನಡುಕ ಯಾವ್ದು ಯಾರ್ದು ಅಂತ ಕಾಲಿಗೆ ಹೆಂಗ ಗೊತ್ತಾಗ್ತೈತಿ?'

ಅಪ್ಪ ಎದ್ದು ಲುಂಗಿ ಝಾಡಿಸಿದ. 'ಬಿಸಿಲು ಭಾಳ ಆತು, ನಡಿ.'

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಬೆಳಿಗ್ಗೆ ಕಂಪನಿ ಬಸ್ಸು ಅಪ್ಪನನ್ನು ಹತ್ತಿಸಿಕೊಂಡು ಹೋದರೆ ಸಂಜೆ ಅದು ತಿರುಗಿ ಬರುವವರೆಗೆ ನನ್ನ ಜೀವ ಸಂಡೂರಿನ ರಸ್ತೆಯಲ್ಲೇ. ಕಂಪ್ಯೂಟರಿನಲ್ಲಿ ಬಣ್ಣದ ಗುಡ್ಡದ ಅಂಚು ಕಂಡರೆ ಅಲ್ಲಿ ಬಾವುಟ ಹಿಡಿದ ಒಬ್ಬ ಮನುಷ್ಯ ಕಾಣುತ್ತಿದ್ದ. ಹೊಸ ನಂಬರಿನಿಂದ ಫೋನು ಬಂದರೆ ಎತ್ತಲು ಕೈ ಬರುತ್ತಿರಲಿಲ್ಲ. ಗಣಿಯವರಿಗೆ ಹೇಳಿದರೆ ಅಪ್ಪನ ಕೆಲಸ ಹೋಗಬಹುದು. ಆ ಡಂಪಿನ ಮೇಲೆ ಅಪ್ಪ ನಿಂತರೆ ದೊಡ್ಡ ದೊಡ್ಡ ಗಾಡಿಗಳೆಲ್ಲ ಅವನ ಕೈ ನೋಡಿ ನಿಲ್ಲುತ್ತಿದ್ದವು. ಅದನ್ನು ಕಿತ್ತುಕೊಳ್ಳುವ ಮಗ ನಾನಾಗಬೇಕೇ? ಹೇಳದೆ ಇದ್ದರೆ? ಆ ಪ್ರಶ್ನೆಯನ್ನು ಪೂರ್ತಿ ಮಾಡುವ ಧೈರ್ಯವೇ ಇರಲಿಲ್ಲ. ಅವ್ವನಿಗೆ ಹೇಳಿದೆ. 'ನಂಗೊತ್ತಿಲ್ಲೇನು? ಕುಕ್ಕರ್ ಸೀಟಿ ಕೇಳ್ಸಲ್ಲ ಅವ್ರಿಗೆ' ಅಂದಳು. 'ಹೇಳಿದ್ರ ಮನ್ಯಾಗ ಕುಂದ್ರಬೇಕಾಗ್ತೈತಿ ಅಂತ ಹೆದರ್ಯಾರ. ಅವ್ರು ಹೆದರಿದ್ದು ನನ್ಗ ಗೊತ್ತೈತಿ ಅಂತ ಅವ್ರಿಗೆ ಗೊತ್ತಾಗಬಾರ್ದು ಅಂತ ನಾ ಸುಮ್ನದೀನಿ.'

ಕಾಲೇಜಿಗೆ ಹೋಗಿ ಗೈಡ್ ಸರ್ ಮುಂದೆ, 'ಒಬ್ಬ ಕಾರ್ಮಿಕ ಇದ್ದಾನೆ ಅಂತ ಇಟ್ಕೊಳ್ಳಿ ಸರ್' ಎಂದು ಶುರು ಮಾಡಿ ಎಲ್ಲ ಹೇಳಿದೆ, ಕಂಪ್ಲಿಯ ಲಾರಿಯನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ನನ್ನ ಐಟಂನಲ್ಲಿ ಇರಲಿಲ್ಲ.

'ನಿಮ್ಮ ತಂದೆಗೆ ಕೇಳಿಸಲಿಲ್ಲ, ಸರಿ. ಉಳಿದವರಿಗೆಲ್ಲ ಕೇಳಿಸಿತ್ತಲ್ಲ, ಅವರು ಯಾಕೆ ಏಳಲಿಲ್ಲ?'

'ನಾನು ಸುಳ್ಳು ಹಾರ್ನ್ ಹೊಡೆದಿದ್ದೆ ಸರ್, ಅದಕ್ಕೆ.'

'ಗಣಿಯಲ್ಲಿ ದಿನವಿಡೀ ಎಷ್ಟು ಹಾರ್ನು ಹೊಡೀತವೆ, ಅದರಲ್ಲಿ ಅವರ ಮೈಮೇಲೆ ಬರೋದು ಎಷ್ಟು? ಅವರಿಗೆ ಎಲ್ಲಾ ಹಾರ್ನೂ ನಿನ್ನಂಥವನದೇ.' ಕನ್ನಡಕ ಮತ್ತೆ ಹಾಕಿಕೊಂಡು, 'ಮೊದಲು ತಂದೆಯದನ್ನ ನೋಡು. ಆಮೇಲೆ ಈ ಪ್ರಶ್ನೆಯನ್ನ' ಅಂದರು.

ಗಣಿಯ ಗೋಡೆಗಳನ್ನು ನೋಡುವ ನೆಪದಲ್ಲಿ ಅಪ್ಪನ ಗಣಿಗೆ ಹೋಗಲು ನನಗೆ ಮೊದಲೇ ಅನುಮತಿ ಇತ್ತು. ಒಂದು ದಿನ ಅದೇ ಕಂಪನಿ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಹೋದೆ. ಡ್ರೈವರಣ್ಣ ಗೇರು ಹಾಕುವಾಗ ತಿಣುಕಿದ. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ಕಿಟಕಿಯಾಚೆ ನೋಡಿದೆ.

ಡಂಪಿನ ಮೇಲೆ ಎಲ್ಲ ಕೆಂಪು. ಗಾಳಿಯೂ ಕೆಂಪು. ಅಂಚಿನಾಚೆ ಸಂಡೂರಿನ ಗುಡ್ಡಗಳು ಹಸಿರಾಗಿದ್ದವು. ಸಂದರ್ಶಕರು ನಿಲ್ಲುವ ಗೆರೆಯ ಒಳಗೆ ಹೆಲ್ಮೆಟ್ ಹಾಕಿಕೊಂಡು ನಿಂತೆ. ಅಪ್ಪ ಬಾವುಟ ಹಿಡಿದು ಅಂಚಿಗೆ ಹೋದ. ಮನೆಯಲ್ಲಿ ಮಂಡಿ ಹಿಡಿದು ಏಳುವ ಮನುಷ್ಯ ಇಲ್ಲಿ ಬೇರೆಯೇ ಆಗಿದ್ದ. ಒಂದೊಂದೇ ಡಂಪರು ಬಂತು, ಸುರಿಯಿತು, ಹೋಯಿತು. ನಾನು ಗೋಡೆ ನೋಡಲಿಲ್ಲ, ಡಂಪರೂ ನೋಡಲಿಲ್ಲ. ಅಪ್ಪನ ತಲೆ ಯಾವಾಗ ತಿರುಗುತ್ತದೆ ಎಂಬುದೊಂದೇ ನೋಡಿದೆ.

ಒಂದು ಡಂಪರು ಹೋದ ಮೇಲೆಯೇ ಇನ್ನೊಂದು ಬರಬೇಕು ಎಂಬುದು ನಿಯಮ. ಶಿಫ್ಟು ಮುಗಿಯುವ ಹೊತ್ತಿಗೆ ನಿಯಮಕ್ಕೂ ಮನೆಯ ನೆನಪಾಗುತ್ತದೆ. ಅಪ್ಪ ಒಂದಕ್ಕೆ ಹಸಿರು ಬೀಸುತ್ತಿದ್ದಾಗಲೇ ಅವನ ಎಡಕ್ಕೆ, ಹಿಂದಿನಿಂದ, ಇನ್ನೊಂದು ಬರತೊಡಗಿತು. ಹಾರ್ನು ನನಗೆ ಚೆನ್ನಾಗಿ ಕೇಳಿಸಿತು. ನನ್ನ ಬಾಲ್ಯದ ದನಿ. ಅಪ್ಪನ ತಲೆ ತಿರುಗಲಿಲ್ಲ. 'ಅಪ್ಪಾ!' ಎಂದೆ. ತಿರುಗಲಿಲ್ಲ. ಗೆರೆ ದಾಟಿ ಓಡಿದೆ.

ಎಷ್ಟೋ ಸುರಕ್ಷತಾ ಪಾಠ ಕೇಳಿದ್ದ, ಎಂಟೆಕ್ ಪದವೀಧರನಾಗಲಿದ್ದ ನಾನು, ಅಪ್ಪನ ಬೆನ್ನನ್ನೇ ನೋಡುತ್ತ, ಆ ಎರಡನೇ ಡಂಪರು ಹಿಂದಕ್ಕೆ ಬರುವ ದಾರಿಗೇ ಅಡ್ಡ ಓಡಿ ಹೋದೆ.

ಮೊದಲ ಡಂಪರಿನ ಡ್ರೈವರು ಕನ್ನಡಿಯಲ್ಲಿ ನನ್ನನ್ನು ಕಂಡು ಕಿಟಕಿಯಿಂದ ಹೊರಗೆ ಬಾಗಿ ಕೈ ಬೀಸಿದನಂತೆ. ಆ ಕೈ ನೋಡಿ ಅಪ್ಪ ತಿರುಗಿದ. ಕೆಂಪು ಬಾವುಟ ಮೇಲೆ ಹೋಯಿತು. ನನಗೆ ಅದು ಕಂಡಿತು, ಆಮೇಲೆ ಪಕ್ಕದಲ್ಲಿ ಬಿಸಿ ಗಾಳಿ, ಬ್ರೇಕಿನ ಉಸಿರು. ತಿರುಗಿದರೆ ನನಗಿಂತ ಎತ್ತರದ ಟೈರು. ಅದರ ಗೀರುಗಳಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲುಗಳೂ ಕಾಣುವಷ್ಟು ಹತ್ತಿರ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಭುಜ ಹಿಡಿದು ಗೆರೆಯ ಒಳಗೆ ತಂದು ನಿಲ್ಲಿಸಿದ. ಅವನ ತುಟಿ ಬೆಳ್ಳಗಾಗಿತ್ತು. ಎರಡೂ ಗಾಡಿ ನಿಲ್ಲಿಸಿ, ಬಾವುಟಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ನನ್ನನ್ನು ಮುಂದೆ ನಡೆಸಿಕೊಂಡು ಮ್ಯಾನೇಜರ ಆಫೀಸಿಗೆ ಇಳಿದ.

ಮ್ಯಾನೇಜರು ಒಳ್ಳೆಯವರು, ಅವಸರದವರು. 'ಏನ್ರೀ ಯಜಮಾನ್ರೇ, ಡಂಪ್ ಬಿಟ್ಟು ಬಂದೀರಿ?' ಅಂದರು.

'ಸಾಹೇಬ್ರ, ನಾ ಈ ಕಡಿ ಗ್ವಾಡಿಗೆ ಮಕ ಮಾಡಿ ನಿಂದ್ರತೀನ್ರಿ. ಇವನ ಕಡಿಯಿಂದ ಒಂದು ಹಾರ್ನ್ ಹೊಡಸ್ರಿ.'

ಮ್ಯಾನೇಜರಿಗೆ ಏನೂ ಅರ್ಥವಾಗಲಿಲ್ಲ. ಅಪ್ಪ ತಿರುಗಿ ನಿಂತೇ ಬಿಟ್ಟ. ನಾನು ಬಾಯಿ ತೆರೆದೆ. ಜೀವನದಲ್ಲಿ ಅಷ್ಟು ಕೆಟ್ಟದಾಗಿ ಆ ಐಟಂ ಮಾಡಿಲ್ಲ, ದನಿ ಒಡೆದು ಹೋಯಿತು. ಆದರೂ ಹೊರಗಿನ ಬೆಂಚಿನಲ್ಲಿದ್ದ ಇಬ್ಬರು ತಟ್ಟನೆ ಎದ್ದರು. ಮ್ಯಾನೇಜರೂ ಕುರ್ಚಿಯಲ್ಲಿ ಅಲುಗಿದರು. ಅಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದ. ಕುತ್ತಿಗೆಯ ಮಡಿಕೆಗಳಲ್ಲಿ ಕೆಂಪು ಮಣ್ಣು.

ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಎದ್ದು ಬಂದು ಅಪ್ಪನ ಎದುರಿಗೆ ನಿಂತು, 'ಕುಂದ್ರಿ' ಅಂದರು.

ಅಪ್ಪ ಈಗ ಅದೇ ಗಣಿಯ ನರ್ಸರಿಯಲ್ಲಿದ್ದಾನೆ, ಹಳೆಯ ಡಂಪುಗಳ ಮೇಲೆ ನೆಡುವ ಸಸಿಗಳನ್ನು ನೋಡಿಕೊಳ್ಳುತ್ತಾನೆ. ಅದು ಸುಲಭವಾಗಿ ಆಗಲಿಲ್ಲ. ತಿಂಗಳುಗಟ್ಟಲೆ ಡಾಕ್ಟರು, ಆಫೀಸು, ಮತ್ತೆ ಡಾಕ್ಟರು. ಅಷ್ಟೂ ದಿನ ನಾವ್ಯಾರೂ ಸರಿಯಾಗಿ ಉಣ್ಣಲಿಲ್ಲ. ಮೊದಮೊದಲು ಅಪ್ಪ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದ. 'ಸಸಿಗೆ ಬಾವುಟ ಬೀಸ್ಬೇಕೇನು?' ಎಂದು ಒಂದು ದಿನ ಅವನೇ ಅಂದ ಮೇಲೆ ಅವ್ವ ಉಸಿರು ಬಿಟ್ಟಳು. ಕಿವಿಗೆ ಮಷೀನು ಬಂದಿದೆ. ಹಾಕಿಕೊಂಡರೆ ಕುಕ್ಕರಿನ ಸೀಟಿಗೂ ಬೆಚ್ಚುತ್ತಾನೆ, ಅದಕ್ಕೇ ಹೆಚ್ಚಾಗಿ ಜೇಬಿನಲ್ಲಿರುತ್ತದೆ. ನಾನು ಬಣ್ಣದ ಗುಡ್ಡ ಬಿಟ್ಟೆ. ಕಿವಿ ಚೆನ್ನಾಗಿರುವವರು ಹಾರ್ನು ಕೇಳಿಯೂ ಯಾಕೆ ತಿರುಗುವುದಿಲ್ಲ ಎಂಬುದೇ ಈಗ ನನ್ನ ಸಂಶೋಧನೆ. ಗಣಿಯಿಂದ ಗಣಿಗೆ ಅಲೆಯುತ್ತೇನೆ. ಅಪ್ಪನ ಜಾಗದಲ್ಲಿ ಈಗ ಬೇರೊಬ್ಬರು ನಿಲ್ಲುತ್ತಾರೆ. ಅವರ ಮನೆಯಲ್ಲೂ ಯಾರೋ ಸಂಜೆಯ ಬಸ್ಸು ಕಾಯುತ್ತಾರೆ ಎಂಬುದು ಬೆಳಿಗ್ಗೆ ಎದ್ದ ಕೂಡಲೇ ನೆನಪಾಗುತ್ತದೆ. ಮನೆಯಲ್ಲಿ ಹಾರ್ನಿನ ಐಟಂ ನಿಲ್ಲಿಸಿದ್ದೇನೆ. ಉಳಿದವನ್ನು ಅಪ್ಪನ ಎದುರಿಗೆ ಕೂತು ಮಾಡುತ್ತೇನೆ.

ಮೊನ್ನೆ ಇಬ್ಬರೂ ಬೈಕಿನಲ್ಲಿ ಹೋಗುತ್ತ ಮರಿಯಮ್ಮನಹಳ್ಳಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯ ಮುಂದೆ ಲಾರಿಗಳ ಸಾಲು. ಲೋಟ ಬಾಯಿಗೆ ಇಡುವಷ್ಟರಲ್ಲಿ ಎಲ್ಲೋ 'ಪೀಂ ಪೀಂ' ಶುರುವಾಯಿತು. ನನ್ನ ಕಣ್ಣು ತಾನಾಗಿಯೇ ಅಪ್ಪನ ಮುಖಕ್ಕೆ ಹೋಯಿತು. ಕೇಳಿಸಿತೇ? ಮಷೀನು ಕಿವಿಯಲ್ಲಿದೆಯೇ, ಜೇಬಿನಲ್ಲಿದೆಯೇ? ತಿರುಗುತ್ತಾನೆಯೇ?

ಅಪ್ಪ ನನ್ನ ರೆಟ್ಟೆ ಹಿಡಿದು ಜಗ್ಗಿದ. ಚಹಾ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು.

'ನನ್ ಮಕ ಏನ್ ನೋಡ್ತೀಯಲೇ,' ಅಂದ, 'ಲಾರಿ ನೋಡು.'